ಮಾದರಿ ದೋಣಿಗೆ ಹಿತ್ತಾಳೆಯ ರೇಲಿಂಗ್, ಕ್ಲೀಟ್ ನೀವೇ ಮಾಡಿಕೊಳ್ಳಿ

ರೆಡಿಮೇಡ್ ಫಿಟ್ಟಿಂಗ್ ನಿಮ್ಮ ದೋಣಿಯ ಅಳತೆಗೆ ಸರಿಯಾಗಿ ಹೊಂದುವುದು ಅಪರೂಪ. ಒಂದೋ ಕಂಬ ದಪ್ಪ, ಇಲ್ಲವೇ ಎತ್ತರ ಜಾಸ್ತಿ. ಹಿತ್ತಾಳೆ ತಂತಿ, ತೆಳು ತಗಡು, ಸಣ್ಣ ಅರ, ಆಭರಣ ಮಾಡುವವರು ಬಳಸುವ ಸಣ್ಣ ಗರಗಸ, ಒಂದು ಸೋಲ್ಡರಿಂಗ್ ಐರನ್ ಇದ್ದರೆ ಹೆಚ್ಚಿನ ಭಾಗಗಳನ್ನು ನೀವೇ ಮಾಡಬಹುದು.

ಆದರೆ ಮೊದಲು ಜಿಗ್ ಮಾಡಿ. ಅಂದರೆ ಭಾಗಗಳನ್ನು ಅಲುಗಾಡದಂತೆ ಹಿಡಿದುಕೊಳ್ಳುವ ಮರದ ಅಚ್ಚು. ನನ್ನ ಮೊದಲ ರೇಲಿಂಗಿಗೆ ಹದಿನಾಲ್ಕು ಕಂಬಗಳನ್ನು ಕಣ್ಣಳತೆಯಲ್ಲೇ ಕತ್ತರಿಸಿ, ಒಂದೊಂದನ್ನೂ ಚಿಮಟದಲ್ಲಿ ಹಿಡಿದು ಬೆಸೆದಿದ್ದೆ. ಮುಗಿದ ಮೇಲೆ ನೋಡಿದರೆ ಹಲ್ಲು ಮುರಿದ ಬಾಚಣಿಗೆ! ಪೂರ್ತಿ ಕಿತ್ತು ಮತ್ತೆ ಮಾಡಿದೆ. ಜಿಗ್ ಮಾಡಲು ಒಂದು ಸಂಜೆ ಹೋಯಿತು, ಎರಡನೇ ರೇಲಿಂಗ್ ಅರ್ಧ ಗಂಟೆಯಲ್ಲಿ ಮುಗಿಯಿತು.

ಅಳತೆ ಲೆಕ್ಕ ಸುಲಭ. ನಿಮ್ಮ ಮಾದರಿ 1:48, ಅಂದರೆ ನಿಜವಾದ ಹಡಗಿನ 48ರಲ್ಲಿ ಒಂದು ಪಾಲು ಅಂದುಕೊಳ್ಳಿ. ನಿಜವಾದ ಹಡಗಿನಲ್ಲಿ 1 ಮೀಟರ್ ಎತ್ತರದ ರೇಲಿಂಗ್ ಇಲ್ಲಿ ಸುಮಾರು 21 ಮಿ.ಮೀ. ಆಗುತ್ತದೆ. 40 ಮಿ.ಮೀ. ಪೈಪಿಗೆ 0.8 ಮಿ.ಮೀ. ತಂತಿ ಸಾಕು. ಕಂಬಕ್ಕೆ 1 ಮಿ.ಮೀ. ಹಾಕಿದರೆ ಸ್ವಲ್ಪ ದಪ್ಪ ಅನ್ನಿಸಬಹುದು, ಆದರೆ ಕೈ ತಗುಲಿದಾಗ ಬಾಗುವುದಿಲ್ಲ. ನಾನಂತೂ ಅಷ್ಟು ರಾಜಿ ಮಾಡಿಕೊಳ್ಳುತ್ತೇನೆ. ಡೆಕ್ಕಿನೊಳಗೆ ಇಳಿಯಲು ಪ್ರತಿ ಕಂಬಕ್ಕೂ 6 ಮಿ.ಮೀ. ಜಾಸ್ತಿ ಬಿಡಿ. ಇದನ್ನು ಮರೆಯುವವರೇ ಹೆಚ್ಚು.

ಈಗ ಜಿಗ್. ಚಪ್ಪಟೆಯಾದ ಗಟ್ಟಿ ಮರದ ತುಂಡಿನ ಮೇಲೆ ರೇಲಿಂಗಿನ ಚಿತ್ರ ಅಂಟಿಸಿ. ಕಂಬ ಬರುವ ಜಾಗದಲ್ಲೆಲ್ಲ ಸಣ್ಣ ಗರಗಸದಿಂದ ಗೀರು ಹಾಕಿ. ತಂತಿ ಅದರಲ್ಲಿ ಬಿಗಿಯಾಗಿ ಕೂತು, ಮೇಲ್ಮೈ ಮರದಿಂದ ಒಂಚೂರು ಮೇಲಿದ್ದರೆ ಸರಿ. ಕಂಬಗಳ ಬುಡ ಬಂದು ತಾಗುವಲ್ಲಿ ಅಡ್ಡಪಟ್ಟಿ ಒಂದನ್ನು ಅಂಟಿಸಿದರೆ ಎಲ್ಲ ಕಂಬಗಳೂ ಒಂದೇ ಎತ್ತರಕ್ಕೆ ನಿಲ್ಲುತ್ತವೆ. ಅಡ್ಡ ತಂತಿಯನ್ನು ಮೇಲಿಟ್ಟು ಅಲ್ಲಲ್ಲಿ ಗುಂಡುಸೂಜಿ ಚುಚ್ಚಿ ಒತ್ತಿ ಹಿಡಿಸಿ. ದೋಣಿಯ ಮೂತಿಯ ಕಡೆ ಡೆಕ್ ಬಾಗಿರುತ್ತದಲ್ವಾ, ಅಲ್ಲಿಗೆ ಈ ಜಿಗ್ ಆಗುವುದಿಲ್ಲ. ಅದೇ ಬಾಗನ್ನು ಮರದ ತುಂಡಿನ ಮೇಲೆ ಬರೆದು, ತೂತು ಕೊರೆದು, ಕಂಬ ನಿಲ್ಲಿಸಿ, ಮೊದಲೇ ಬಾಗಿಸಿಟ್ಟ ತಂತಿಯನ್ನು ಮೇಲಿಟ್ಟು ಬೆಸೆಯಿರಿ.

ತಂತಿ ಬಾಗಿಸುವಾಗ ಹಟ ಮಾಡಿದರೆ ಕಾಯಿಸಿ ಮೆತ್ತಗೆ ಮಾಡಬೇಕು. ಹಿತ್ತಾಳೆಯನ್ನು ಬಾಗಿಸಿದಷ್ಟೂ ಬಡಿದಷ್ಟೂ ಗಟ್ಟಿಯಾಗುತ್ತಾ ಹೋಗಿ ಕೊನೆಗೆ ಪಟ್ ಅಂತ ಮುರಿಯುತ್ತದೆ. ಮಬ್ಬು ಬೆಳಕಿನಲ್ಲಿ ಗ್ಯಾಸ್ ಟಾರ್ಚಿನ ಜ್ವಾಲೆ ಹಿಡಿದು ಕಂಡೂ ಕಾಣದಷ್ಟು ಕೆಂಪಾಗುವವರೆಗೆ ಕಾಯಿಸಿ ನಿಲ್ಲಿಸಿ. ಕೆಂಪು ಆರಿದ ಮೇಲೆ ನೀರಿಗೆ ಹಾಕಿ. ಹೆಚ್ಚು ಕಾಯಿಸಿದರೆ ಅದರೊಳಗಿನ ಸತುವು ಹೊಗೆಯಾಗಿ ಏಳುತ್ತದೆ, ಅದನ್ನು ಉಸಿರಿನಲ್ಲಿ ಎಳೆದುಕೊಳ್ಳಬಾರದು. ಕಿಟಕಿ ತೆರೆದೇ ಇರಲಿ.

ಬೆಸುಗೆ ಹಾಕುವ ಮುನ್ನ ಕೂಡುವ ಜಾಗವನ್ನು ಎಮರಿ ಪೇಪರಿನಲ್ಲಿ ತಿಕ್ಕಿ ಹೊಳೆಯಿಸಿ. ಬೆರಳಿನ ಜಿಡ್ಡು ಅಂಟಿದರೂ ಸೋಲ್ಡರ್ (ಬೆಸೆಯಲು ಕರಗಿಸುವ ಲೋಹ) ಹಿಡಿಯುವುದಿಲ್ಲ, ಗುಂಡಗೆ ಉರುಳಿಹೋಗುತ್ತದೆ. ಸೋಲ್ಡರ್ ತಂತಿಯನ್ನು ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿ, ಎಳ್ಳು ಕಾಳಿನಷ್ಟು ಚೂರುಗಳಾಗಿ ಕತ್ತರಿಸಿಟ್ಟುಕೊಳ್ಳಿ. ಹಲ್ಲುಕಡ್ಡಿಯ ತುದಿಯಲ್ಲಿ ಒಂದು ಹನಿ ಫ್ಲಕ್ಸ್ (ಸೋಲ್ಡರ್ ಚೆನ್ನಾಗಿ ಹಿಡಿಯುವಂತೆ ಮಾಡುವ ದ್ರವ) ತಾಗಿಸಿ, ಚೂರು ಇಟ್ಟು, ಬಿಸಿ ಐರನನ್ನು ಸೋಲ್ಡರಿಗಲ್ಲ, ಹಿತ್ತಾಳೆಗೆ ತಾಗಿಸಿ. ಲೋಹ ಬಿಸಿಯಾದ ಕ್ಷಣಕ್ಕೆ ಚೂರು ಕರಗಿ ಸಂದಿನೊಳಗೆ ತಾನೇ ಓಡಿಹೋಗುತ್ತದೆ. ಅದನ್ನು ನೋಡುವುದೇ ಒಂದು ಖುಷಿ. ಪಕ್ಕದ ಬೆಸುಗೆ ಬಿಟ್ಟುಕೊಳ್ಳುತ್ತದೆ ಅನ್ನಿಸಿದರೆ ಅದಕ್ಕೆ ಒದ್ದೆ ಹತ್ತಿ ಸುತ್ತಿ. ಸೀಸ ಇರುವ ಸೋಲ್ಡರ್ ಆದರೆ ಆಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಕ್ಲೀಟ್, ಅಂದರೆ ಹಗ್ಗ ಸುತ್ತುವ ಎರಡು ಕೊಂಬಿನ ಗೂಟ, ಸ್ವಲ್ಪ ನಾಜೂಕಿನ ಕೆಲಸ. 0.5 ಮಿ.ಮೀ. ತಗಡಿನಿಂದ ತಳಪಟ್ಟಿ ಮಾಡಿ. 0.8 ಮಿ.ಮೀ. ತಂತಿಯ ಎರಡು ಕಾಲುಗಳನ್ನು ಅದರಲ್ಲಿ ಕೊರೆದ ತೂತುಗಳ ಮೂಲಕ ಕೆಳಗೂ ಇಳಿಯುವಷ್ಟು ಉದ್ದ ಬಿಡಿ, ಅವೇ ಡೆಕ್ಕಿನ ಮೊಳೆಗಳಾಗುತ್ತವೆ. ಮೇಲಿನ ಕೊಂಬಿಗೆ 1.5 ಮಿ.ಮೀ. ಸರಳಿನ ತುಂಡು, ಕಾಲು ತಾಗುವ ಕಡೆ ಅರದಲ್ಲಿ ಚಪ್ಪಟೆ ಮಾಡಿ. ಎಂಟು ಕ್ಲೀಟ್ ಬೇಕಾದರೆ ತಗಡುಗಳನ್ನು ಒಂದರ ಮೇಲೊಂದು ಸೂಪರ್ ಗ್ಲೂನಲ್ಲಿ ಅಂಟಿಸಿ ಒಟ್ಟಿಗೇ ಕೊರೆದು ಕತ್ತರಿಸಿ, ಆಮೇಲೆ ಅಸಿಟೋನಿನಲ್ಲಿ ನೆನೆಹಾಕಿ ಬಿಡಿಸಿ. ಗರಗಸದ ಹಲ್ಲು ಹಿಡಿಯ ಕಡೆ ನೋಡುತ್ತಿರಬೇಕು. ತಗಡಿನ ದಪ್ಪದಲ್ಲಿ ಎರಡು ಮೂರು ಹಲ್ಲಾದರೂ ಕೂರುವಂಥ ಬ್ಲೇಡ್ ಹಾಕಿ, ಇಲ್ಲದಿದ್ದರೆ ಸಿಕ್ಕಿಕೊಂಡು ಬ್ಲೇಡೇ ಮುರಿಯುತ್ತದೆ.

ಹಗ್ಗ ಎಳೆಯುವ ಭಾರ ಬೀಳುವ ಜಾಗಕ್ಕೆ ಬೆಳ್ಳಿ ಬೆಸುಗೆಯೇ ಬೇಕು. ಮಾಮೂಲಿ 60/40 (60 ಪಾಲು ತವರ, 40 ಪಾಲು ಸೀಸ) ಸೋಲ್ಡರ್ 183 ಡಿಗ್ರಿಯಲ್ಲೇ ಕರಗಲು ಶುರುವಾಗಿ 190ರಲ್ಲಿ ಪೂರ್ತಿ ಕರಗಿದರೆ, ಬೆಳ್ಳಿ ಬೆಸುಗೆಗೆ 600 ಡಿಗ್ರಿಗಿಂತ ಮೇಲೆ ಬೇಕು, ಆದ್ದರಿಂದ ಐರನ್ ಸಾಲದು, ಟಾರ್ಚೇ ಬೇಕು. ಎರಡೂ ಇರುವ ಭಾಗವಾದರೆ ಬೆಳ್ಳಿಯದು ಮೊದಲು, ಮಾಮೂಲಿ ಆಮೇಲೆ. ಕಪ್ಪಾದ ಹಿತ್ತಾಳೆಯನ್ನು ಬಿಸಿನೀರಿನಲ್ಲಿ ಕರಗಿಸಿದ ನಿಂಬೆ ಉಪ್ಪಿನಲ್ಲಿ (ಸಿಟ್ರಿಕ್ ಆಮ್ಲ) ಸ್ವಲ್ಪ ಹೊತ್ತು ಬಿಡಿ. ಅದಕ್ಕೆ ಕಬ್ಬಿಣದ ಚಿಮಟ ಹಾಕಬೇಡಿ, ಎಲ್ಲದರ ಮೇಲೂ ತಾಮ್ರದ ಬಣ್ಣ ಹತ್ತಿಬಿಡುತ್ತದೆ. ಪ್ಲಾಸ್ಟಿಕ್ ಅಥವಾ ಮರದ್ದು ಇರಲಿ.

ಕೊನೆಗೆ ಸೋಪು ನೀರು, ಹಳೆ ಟೂತ್‌ಬ್ರಷ್ ಹಾಕಿ ಉಜ್ಜಿ ತೊಳೆಯಿರಿ. ಸೋಮಾರಿತನಕ್ಕೆ ಇದನ್ನು ಬಿಟ್ಟರೆ ಉಳಿದ ಫ್ಲಕ್ಸ್ ಬಣ್ಣದ ಅಡಿಯಲ್ಲೇ ಲೋಹವನ್ನು ತಿಂದು, ಕೆಲವು ತಿಂಗಳಲ್ಲಿ ಹಸಿರು ಪುಡಿಯಾಗಿ ಹೊರಬರುತ್ತದೆ. ಒಣಗಿದ ಮೇಲೆ ಲೋಹಕ್ಕೆ ಹಿಡಿಯುವ ಎಚ್ ಪ್ರೈಮರ್ (etch primer) ಒಂದು ಕೈ, ಆಮೇಲೆ ಬಣ್ಣ. ಡೆಕ್ಕಿನೊಳಗೆ ಇಳಿಯುವ ಕಾಲುಗಳ ತುದಿಗೆ ಟೇಪ್ ಸುತ್ತಿ ಬಣ್ಣ ತಾಗದಂತೆ ಉಳಿಸಿ. ಡೆಕ್ಕಿನಲ್ಲಿ 1.1 ಮಿ.ಮೀ. ತೂತು ಕೊರೆದು, ಎಪಾಕ್ಸಿಯಲ್ಲಿ ಅದ್ದಿ ಕೂರಿಸಿ. ಅದು ಗಟ್ಟಿಯಾಗುವವರೆಗೆ ರೇಲಿಂಗ್ ನೆಟ್ಟಗಿದೆಯಾ ಅಂತ ದೋಣಿಯ ಹಿಂದಿನಿಂದ ಒಂದು ಕಣ್ಣು ಮುಚ್ಚಿ ಆಗಾಗ ನೋಡುತ್ತಿರಿ.