ಅಮೆರಿಕದಲ್ಲಿ ಸ್ಕೌಟ್ ಲೀಡರ್ ಆಗುವ ಕನ್ನಡಿಗ ಪೋಷಕರಿಗೆ: ತರಬೇತಿ ಎಲ್ಲಿ, ಯಾವಾಗ, ಯಾರನ್ನು ಕೇಳಬೇಕು

ನಮ್ಮಲ್ಲಿ ಸ್ಕೌಟ್ ಎಂದರೆ ಶಾಲೆಯದು. ಮೇಷ್ಟ್ರೇ ಸ್ಕೌಟ್ ಮಾಸ್ಟರ್, ಶಿಬಿರಕ್ಕೆ ದಾವಣಗೆರೆ ಬಳಿಯ ಕೊಂಡಜ್ಜಿ. ಅಮೆರಿಕದಲ್ಲಿ ಅದು ಪೂರಾ ಪೋಷಕರ ಕೆಲಸ. ಮಗು ಕಿಂಡರ್‌ಗಾರ್ಟನ್‌ಗೆ ಬಂದಾಗ ಚಿಕ್ಕ ಮಕ್ಕಳ ದಳವಾದ ಕಬ್ ಸ್ಕೌಟ್ ಪ್ಯಾಕ್‌ಗೆ ಸೇರಿಸುತ್ತೀರಿ. ಎರಡನೇ ತಿಂಗಳಲ್ಲೇ ಯಾರೋ ಬಂದು ‘ಈ ಡೆನ್‌ಗೆ ಲೀಡರ್ ಇಲ್ಲ, ನೀವು ಆಗ್ತೀರಾ?’ ಎಂದು ಕೇಳುತ್ತಾರೆ. ಡೆನ್ ಎಂದರೆ ಪ್ಯಾಕ್‌ನೊಳಗಿನ ಒಂದೇ ತರಗತಿಯ ಮಕ್ಕಳ ಸಣ್ಣ ಗುಂಪು. ಒಪ್ಪಿಕೊಳ್ಳಿ. ಅಮೆರಿಕದ ಪೌರರೇ ಆಗಿರಬೇಕೆಂದಿಲ್ಲ, ಮೊದಲು ಸ್ಕೌಟ್ ಆಗಿದ್ದ ಅನುಭವವೂ ಬೇಕಿಲ್ಲ. ಆದರೆ ಒಪ್ಪಿದ ವಾರವೇ ಕೆಲವು ಕೆಲಸಗಳನ್ನು ಕ್ರಮವಾಗಿ ಮಾಡಿಕೊಳ್ಳದಿದ್ದರೆ ಮುಂದಿನ ಬೇಸಿಗೆಯ ಶಿಬಿರಕ್ಕೇ ಕುತ್ತು.

ಸಂಸ್ಥೆಯ ಹೆಸರು 2025ರ ಫೆಬ್ರವರಿಯಿಂದ ಸ್ಕೌಟಿಂಗ್ ಅಮೆರಿಕ. ಬಾಯ್ ಸ್ಕೌಟ್ಸ್ ಆಫ್ ಅಮೆರಿಕ ಎಂದು 1910ರಲ್ಲಿ ಹುಟ್ಟಿದ್ದೇ ಇದು; ಹಳೆಯ ಫಾರಂಗಳಲ್ಲಿ ಆ ಹೆಸರನ್ನು ಕಂಡು ಗಾಬರಿಯಾಗಬೇಡಿ. ಪ್ರತಿ ಪ್ಯಾಕ್‌ಗೂ, ದೊಡ್ಡ ಮಕ್ಕಳ ದಳವಾದ ಟ್ರೂಪ್‌ಗೂ ಅದರ ಹೊಣೆ ಹೊತ್ತ ಒಂದು ಚಾರ್ಟರ್ಡ್ ಸಂಸ್ಥೆ ಇರುತ್ತದೆ. ಅದು ಚರ್ಚ್ ಆಗಿರಬಹುದು, ರೋಟರಿ ಆಗಿರಬಹುದು, ಪೋಷಕರ ಸಂಘ ಆಗಿರಬಹುದು. ಆ ಸಂಸ್ಥೆಯ ಪ್ರತಿನಿಧಿ ಒಪ್ಪಿಗೆ ಕೊಟ್ಟ ಮೇಲಷ್ಟೇ ನಿಮ್ಮ ಅರ್ಜಿ ಕೌನ್ಸಿಲ್‌ಗೆ, ಅಂದರೆ ನಿಮ್ಮ ಪ್ರದೇಶದ ಸ್ಕೌಟ್ ಆಡಳಿತಕ್ಕೆ, ಹೋಗುತ್ತದೆ. ಅರ್ಜಿ ವಾರಗಟ್ಟಲೆ ನಿಂತಿದ್ದರೆ ಬಹುಪಾಲು ಅಲ್ಲೇ ಸಿಕ್ಕಿಕೊಂಡಿರುತ್ತದೆ: ಒಪ್ಪಿಗೆ ಕೇಳುವ ಇಮೇಲನ್ನು ಆ ಪ್ರತಿನಿಧಿ ತೆರೆದೇ ಇರುವುದಿಲ್ಲ. ಪ್ಯಾಕ್ ಸಮಿತಿಯ ಮುಖ್ಯಸ್ಥರಾದ ಕಮಿಟಿ ಚೇರ್‌ಗೆ ಹೇಳಿ ಒಂದು ಫೋನ್ ಮಾಡಿಸಿ.

ಮೊದಲ ಹೆಜ್ಜೆ ಮೈ ಸ್ಕೌಟಿಂಗ್ ಜಾಲತಾಣದಲ್ಲಿ ಖಾತೆ. ನಮ್ಮವರು ಎಡವುವುದು ಇಲ್ಲಿಯೇ, ಅದೂ ಹೆಸರಿನಿಂದ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರು, ವೀಸಾದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ ಎಂದರ್ಥ), ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಅಪ್ಪನ ಹೆಸರೋ ಊರ ಹೆಸರೋ ಸರ್‌ನೇಮ್. ತರಬೇತಿಗೆ ಒಂದು ರೀತಿ, ಅರ್ಜಿಗೆ ಇನ್ನೊಂದು ರೀತಿ ಬರೆದರೆ ಎರಡು ಸದಸ್ಯ ಸಂಖ್ಯೆ ಹುಟ್ಟುತ್ತವೆ. ತರಬೇತಿ ಒಂದರ ಮೇಲೆ ದಾಖಲಾಗುತ್ತದೆ, ನೋಂದಣಿ ಇನ್ನೊಂದರ ಮೇಲೆ. ನೀವು ಎಲ್ಲ ಮುಗಿಸಿದ್ದರೂ ಪಟ್ಟಿಯಲ್ಲಿ ‘ತರಬೇತಿ ಆಗಿಲ್ಲ’ ಎಂದೇ ತೋರಿಸುತ್ತದೆ. ಎಲ್ಲ ಕಡೆಯೂ ಒಂದೇ ಹೆಸರು, ಒಂದೇ ಜನ್ಮದಿನಾಂಕ, ಒಂದೇ ಇಮೇಲ್ ಇಡಿ. ಈಗಾಗಲೇ ಎರಡಾಗಿದ್ದರೆ ಕೌನ್ಸಿಲ್ ಕಚೇರಿಯ ರಿಜಿಸ್ಟ್ರಾರ್ ಒಂದುಗೂಡಿಸಿ ಕೊಡುತ್ತಾರೆ. ತರಬೇತಿ ಮುಗಿಸಿದ ದಿನವೇ ಪ್ರಮಾಣಪತ್ರದ ಪಿಡಿಎಫ್ ಉಳಿಸಿಕೊಳ್ಳಿ.

ಎರಡನೆಯದು ಮಕ್ಕಳ ರಕ್ಷಣೆಯ ತರಬೇತಿ. ಹಳಬರು ಇದನ್ನು ಇನ್ನೂ ವೈಪಿಟಿ (ಯೂತ್ ಪ್ರೊಟೆಕ್ಷನ್ ಟ್ರೇನಿಂಗ್) ಎನ್ನುತ್ತಾರೆ. ಆನ್‌ಲೈನ್, ಉಚಿತ. ಇದು ಆಗದೆ ನೋಂದಣಿಯೇ ಇಲ್ಲ, ಅವಧಿ ಮುಗಿದರೆ ನವೀಕರಣವೂ ನಿಲ್ಲುತ್ತದೆ. ಜೊತೆಗೆ ಕ್ರಿಮಿನಲ್ ಹಿನ್ನೆಲೆ ಪರಿಶೀಲನೆಗೆ ಸಹಿ ಹಾಕಬೇಕು. ಅರ್ಜಿಯಲ್ಲಿ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಕೇಳುತ್ತಾರೆ. ಕೆಲಸದ ಅನುಮತಿಯಿಲ್ಲದ ಎಚ್-4 ವೀಸಾದವರಿಗೆ ಸಾಮಾನ್ಯವಾಗಿ ಅದು ಇರುವುದಿಲ್ಲ. ಅಂಥವರು ಅರ್ಜಿ ತುಂಬುವ ಮುಂಚೆಯೇ ಕೌನ್ಸಿಲ್‌ಗೆ ಫೋನ್ ಮಾಡಿ ದಾರಿ ಕೇಳಿ. ಗಂಡನ ಅಥವಾ ಹೆಂಡತಿಯ ಸಂಖ್ಯೆ ತುಂಬುವುದು ಬೇಡವೇ ಬೇಡ. ಬೇ ಏರಿಯಾದವರಿಗೆ ಇನ್ನೊಂದು ಕೆಲಸ ಇದೆ: ಕ್ಯಾಲಿಫೋರ್ನಿಯಾದ ಎಬಿ 506 ಕಾನೂನಿನಂತೆ ತಿಂಗಳಿಗೆ 16 ಗಂಟೆ ಅಥವಾ ವರ್ಷಕ್ಕೆ 32 ಗಂಟೆ ಮೀರಿ ಮಕ್ಕಳೊಂದಿಗೆ ಸೇವೆ ಮಾಡುವ ಸ್ವಯಂಸೇವಕರು ಬೆರಳಚ್ಚು ಕೊಡಬೇಕು, ದೌರ್ಜನ್ಯ ವರದಿ ಮಾಡುವ ತರಬೇತಿಯನ್ನೂ ಮುಗಿಸಬೇಕು.

ಮೂರನೆಯದು ಹುದ್ದೆಯ ತರಬೇತಿ, ಅದೂ ಆನ್‌ಲೈನೇ. ನೋಂದಣಿ ಯಾವ ಹುದ್ದೆಗೋ ಆ ಹುದ್ದೆಯ ಪಾಠವನ್ನೇ ಮುಗಿಸಬೇಕು. ಡೆನ್ ಲೀಡರ್ ಆದವರು ಇಡೀ ಪ್ಯಾಕ್ ನಡೆಸುವ ಕಬ್‌ಮಾಸ್ಟರ್‌ನ ಪಾಠ ಕೇಳಿದರೆ ಜ್ಞಾನ ಬರುತ್ತದೆ, ‘ಟ್ರೇನ್ಡ್’ ಎಂಬ ಪಟ್ಟಿ ಸಮವಸ್ತ್ರದ ತೋಳಿಗೆ ಬರುವುದಿಲ್ಲ.

ಇಲ್ಲಿಗೆ ಎಲ್ಲ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಇದುವರೆಗಿನದೆಲ್ಲ ಸಭೆ ನಡೆಸುವ ಅರ್ಹತೆ ಅಷ್ಟೇ. ಪ್ಯಾಕ್ ರಾತ್ರಿ ಡೇರೆಯಲ್ಲಿ ತಂಗಬೇಕಾದರೆ ಬಲೂ ಎಂಬ ಹೊರಾಂಗಣ ಶಿಬಿರದ ತರಬೇತಿ ಪಡೆದ ಒಬ್ಬ ದೊಡ್ಡವರು ಅಲ್ಲಿ ಇರಲೇಬೇಕು. ಅದರ ಮೊದಲ ಭಾಗ ಆನ್‌ಲೈನ್. ಎರಡನೆಯದು ಶಿಬಿರದಲ್ಲಿ ರಾತ್ರಿ ತಂಗಿ ಕೈಯಾರೆ ಕಲಿಯುವಂಥದ್ದು. ಜಾಗದ ಆಯ್ಕೆ, ಅಡುಗೆ, ಶೌಚ, ಪ್ರಥಮ ಚಿಕಿತ್ಸೆ ಎಲ್ಲ ಅದರಲ್ಲಿ ಬರುತ್ತವೆ. ಕೌನ್ಸಿಲ್‌ಗಳು ಇದನ್ನು ವರ್ಷಕ್ಕೆ ಕೆಲವೇ ಸಲ, ಹೆಚ್ಚಾಗಿ ವಸಂತದಲ್ಲಿ ಮತ್ತು ಶರತ್ಕಾಲದಲ್ಲಿ ಇಡುತ್ತವೆ. ಸೆಪ್ಟೆಂಬರ್‌ನಲ್ಲಿ ಲೀಡರ್ ಆದವರು ಆ ತಿಂಗಳೇ ಕೌನ್ಸಿಲ್ ಕ್ಯಾಲೆಂಡರ್ ನೋಡಿ ಸೀಟು ಹಿಡಿಯಬೇಕು. ಪ್ಯಾಕ್‌ನಲ್ಲಿ ಒಬ್ಬರಿಗೆ ಮಾತ್ರ ಬಲೂ ಆಗಿದ್ದರೆ ಅವರಿಗೆ ಜ್ವರ ಬಂದ ದಿನ ಶಿಬಿರ ರದ್ದು; ಕಡೇಪಕ್ಷ ಮೂವರಿಗೆ ಮಾಡಿಸಿ. ಈ ತರಬೇತಿಗೆ ಹೆಸರು ಕೊಡುವಾಗಲೇ ಸಸ್ಯಾಹಾರ ಎಂದು ಬರೆಯಿರಿ, ಮೊಟ್ಟೆ ತಿನ್ನುತ್ತೀರೋ ಇಲ್ಲವೋ ಎಂಬುದನ್ನೂ ಬಿಡಿಸಿ ಬರೆಯಿರಿ.

ಸುಮಾರು 11 ವರ್ಷದಿಂದ ಮೇಲಿನ ಮಕ್ಕಳ ಟ್ರೂಪ್‌ನಲ್ಲಿ ಸ್ಕೌಟ್‌ಮಾಸ್ಟರ್ ಮತ್ತು ಸಹಾಯಕರಿಗೆ ಬಲೂ ಬದಲು ಐಒಎಲ್ಎಸ್ ಎಂಬ ಹೊರಾಂಗಣ ಕೌಶಲಗಳ ತರಬೇತಿ ಇದೆ. ನಕ್ಷೆ-ದಿಕ್ಸೂಚಿ, ಕೊಡಲಿ-ಚಾಕು, ಒಲೆ, ಗಂಟುಗಳು, ಎಲ್ಲವನ್ನೂ ನೀವೇ ಮಾಡಬೇಕು. ಡೇರೆಯ ಹಗ್ಗ ಬಿಗಿಯುವ ಟಾಟ್‌ಲೈನ್ ಗಂಟನ್ನೇ ತೆಗೆದುಕೊಳ್ಳಿ. ಗೂಟಕ್ಕೆ ಸುತ್ತಿ ತಂದ ತುದಿಯನ್ನು ಕುಣಿಕೆಯ ಒಳಗೆ ಎರಡು ಸುತ್ತು, ಆಮೇಲೆ ಕುಣಿಕೆಯ ಹೊರಗೆ ಒಂದು ಸುತ್ತು ಹಾಕಬೇಕು. ಒಳಗಿನ ಒಂದು ಸುತ್ತು ತಪ್ಪಿದರೂ ಗಂಟು ಹಿಡಿಯದೆ ಜಾರುತ್ತದೆ, ಡೇರೆ ಜೋಲುತ್ತದೆ. ನುಣುಪಾದ ನೈಲಾನ್ ಹಗ್ಗದಲ್ಲಿ ಒಳಗೆ ಇನ್ನೊಂದು ಸುತ್ತು ಹೆಚ್ಚಿಗೆ ಹಾಕಿ. ವಿಡಿಯೋ ನೋಡಿ ಇದು ಬಂತು ಎಂದುಕೊಂಡವರ ಕೈ ಮಕ್ಕಳ ಮುಂದೆ ತಡವರಿಸುತ್ತದೆ.

ಶಿಬಿರದ ನಿಯಮಗಳಲ್ಲಿ ನಮ್ಮ ಮನೆಗಳಿಗೆ ನೇರವಾಗಿ ತಾಗುವಂಥವು ಕೆಲವಿವೆ. ಕಬ್ ಸ್ಕೌಟ್ ಶಿಬಿರದಲ್ಲಿ ನೋಂದಣಿಯಿಲ್ಲದೆ ರಾತ್ರಿ ತಂಗಬಹುದಾದವರು ಆ ಮಗುವಿನ ತಂದೆ, ತಾಯಿ ಅಥವಾ ಕಾನೂನುಬದ್ಧ ಪೋಷಕರು ಮಾತ್ರ. ಊರಿಂದ ಬಂದ ಅಜ್ಜ-ಅಜ್ಜಿ, ಚಿಕ್ಕಪ್ಪ ಆ ಪಟ್ಟಿಯಲ್ಲಿಲ್ಲ. ಹಗಲು ಬಂದು ಹೋಗಲಿ. ಇದನ್ನು ವಾರ ಮುಂಚೆಯೇ ಮನೆಮನೆಗೂ ತಿಳಿಸಿ, ಗೇಟಿನಲ್ಲಿ ಹಿರಿಯರನ್ನು ವಾಪಸ್ ಕಳಿಸುವ ಸಂಕಟ ಯಾರಿಗೂ ಬೇಡ. ಪ್ರತಿ ಸಭೆಗೂ 21 ತುಂಬಿದ ಇಬ್ಬರು ನೋಂದಾಯಿತ ಲೀಡರ್‌ಗಳು ಬೇಕು, ಹುಡುಗಿಯರಿದ್ದರೆ ಅವರಲ್ಲಿ ಒಬ್ಬರು ಮಹಿಳೆ. ಒಬ್ಬ ದೊಡ್ಡವರು ಒಂದು ಮಗುವಿನೊಂದಿಗೆ ಒಂಟಿಯಾಗಿ ಇರುವಂತಿಲ್ಲ. ವಾಟ್ಸಾಪ್‌ಗೂ ಇದೇ ನಿಯಮ: ಪರಿಚಯದ ಮನೆಯ ಹುಡುಗನೇ ಆದರೂ ಅವನೊಬ್ಬನಿಗೆ ಸಂದೇಶ ಕಳಿಸಬೇಡಿ, ಅಪ್ಪ-ಅಮ್ಮ ಇರುವ ಗುಂಪಿಗೇ ಹಾಕಿ. ಆರೋಗ್ಯ ಫಾರಂನ ಎ ಮತ್ತು ಬಿ ಭಾಗ ಎಲ್ಲರಿಗೂ ಬೇಕು. 72 ಗಂಟೆ ಮೀರುವ ಶಿಬಿರಕ್ಕೆ ವೈದ್ಯರು ತಪಾಸಣೆ ಮಾಡಿ ತುಂಬುವ ಸಿ ಭಾಗವೂ ಬೇಕು. ಈಜಿಗೆ ಸೇಫ್ ಸ್ವಿಮ್ ಡಿಫೆನ್ಸ್, ದೋಣಿಗೆ ಸೇಫ್ಟಿ ಅಫ್ಲೋಟ್ ಎಂಬ ಆನ್‌ಲೈನ್ ಪಾಠಗಳು ಪ್ರತ್ಯೇಕ.

ವಾರದ ಸಭೆಗೆ ಏನು ಮಾಡಿಸಬೇಕು ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. 2024ರ ಜೂನ್‌ನಿಂದ ಪ್ರತಿ ದರ್ಜೆಗೂ ಅಡ್ವೆಂಚರ್ ಎಂಬ ಪಾಠಗಳು 6 ಕಡ್ಡಾಯ, 2 ಐಚ್ಛಿಕ. ಪ್ರತಿಯೊಂದಕ್ಕೂ ಚಟುವಟಿಕೆಗಳು ಜಾಲತಾಣದಲ್ಲಿ ಸಿದ್ಧವಿವೆ. ಮಕ್ಕಳ ಓಡಾಟ, ಬೇಕಾಗುವ ಸಾಮಾನು, ತಯಾರಿಯ ಸಮಯ ಈ ಮೂರಕ್ಕೂ 1ರಿಂದ 5ರವರೆಗೆ ಅಂಕ ಹಾಕಿರುತ್ತಾರೆ. ಕೆಲಸ ಮುಗಿಸಿ ಬರುವ ಸಂಜೆ ತಯಾರಿಗೆ 1 ಅಥವಾ 2 ಇರುವುದನ್ನೇ ಆರಿಸಿಕೊಳ್ಳಿ.

ಪುಟಗಳಿಗಿಂತ ಮನುಷ್ಯರೇ ಹೆಚ್ಚು ನೆರವಿಗೆ ಬರುತ್ತಾರೆ. ಕೌನ್ಸಿಲ್‌ನ ಒಂದು ಭಾಗವಾದ ಡಿಸ್ಟ್ರಿಕ್ಟ್‌ನ ಲೀಡರ್‌ಗಳು ತಿಂಗಳಿಗೊಮ್ಮೆ ರೌಂಡ್‌ಟೇಬಲ್ ಎಂಬ ಸಭೆ ಸೇರುತ್ತಾರೆ. ಪಕ್ಕದ ಪ್ಯಾಕ್‌ನವರು ಯಾವ ಶಿಬಿರತಾಣಕ್ಕೆ ಹೋದರು, ಯಾರ ಬಳಿ ಒಲೆ ಎರವಲು ಸಿಗುತ್ತದೆ ಎಂಬುದು ಗೊತ್ತಾಗುವುದು ಅಲ್ಲಿ. ಯೂನಿವರ್ಸಿಟಿ ಆಫ್ ಸ್ಕೌಟಿಂಗ್ ಎಂಬುದು ಕೌನ್ಸಿಲ್ ನಡೆಸುವ ಒಂದು ದಿನದ ತರಗತಿಗಳ ಮೇಳ, ಹೊಸಬರಿಗೆ ಬಹಳ ಒಳ್ಳೆಯದು. ಲೀಡರ್‌ಗಳ ಮೇಲಿನ ಹಂತದ ತರಬೇತಿಯಾದ ವುಡ್ ಬ್ಯಾಡ್ಜ್‌ಗೆ ಮೊದಲ ವರ್ಷವೇ ನುಗ್ಗಬೇಡಿ. 1919ರಲ್ಲಿ ಇಂಗ್ಲೆಂಡಿನ ಗಿಲ್ವೆಲ್ ಪಾರ್ಕ್‌ನಲ್ಲಿ ಶುರುವಾದ ಈ ತರಬೇತಿ ಇಲ್ಲಿ ಸಾಮಾನ್ಯವಾಗಿ ಎರಡು ವಾರಾಂತ್ಯ ನಡೆಯುತ್ತದೆ. ಆಮೇಲೆ 18 ತಿಂಗಳೊಳಗೆ ನಿಮ್ಮ ಪ್ಯಾಕ್‌ಗೋ ಟ್ರೂಪ್‌ಗೋ ನೆರವಾಗುವ ಐದು ಗುರಿಗಳನ್ನು ಮುಗಿಸಿ ತೋರಿಸಬೇಕು. ಒಂದು ವರ್ಷ ಡೆನ್ ನಡೆಸಿದ ಮೇಲೆ ಹೋದರೆ ಯಾವ ಐದು ಎಂಬುದು ತಾನಾಗಿ ಹೊಳೆಯುತ್ತದೆ.

ಇಷ್ಟಾದರೂ ಎಲ್ಲೋ ಸಿಕ್ಕಿಕೊಂಡರೆ ಯೂನಿಟ್ ಕಮಿಷನರ್ ಯಾರೆಂದು ವಿಚಾರಿಸಿ. ಅವರೂ ಸ್ವಯಂಸೇವಕರೇ, ಹಲವು ಪ್ಯಾಕ್‌ಗಳ ಕಷ್ಟ ಕಂಡವರು. ನಿಮಗೆ ಯಾರನ್ನೂ ಗೊತ್ತುಮಾಡಿಲ್ಲ ಎಂದಾದರೆ ಕೌನ್ಸಿಲ್‌ನ ಸಿಬ್ಬಂದಿಯಾದ ಡಿಸ್ಟ್ರಿಕ್ಟ್ ಎಕ್ಸಿಕ್ಯುಟಿವ್‌ಗೆ ಬರೆದು ಒಬ್ಬರನ್ನು ಕೇಳಿ ಪಡೆಯಿರಿ.