ಕಾಣೆಯಾದ ಮೈಕ್ರೋಸಾಫ್ಟ್ ಸ್ಟೋರನ್ನು ಕಂಪ್ಯೂಟರಿಗೆ ಮರಳಿ ತರುವ ಬಗೆ

ದಾವಣಗೆರೆಯ ಅಶೋಕ ರಸ್ತೆಗೆ ಹೊಂದಿಕೊಂಡ ಓಣಿಯಲ್ಲಿ ಲಗ್ನಪತ್ರಿಕೆಗಳ ಡಿಟಿಪಿ ಕೆಲಸ ಮಾಡುವ ನನ್ನ ಬಳಿಗೆ, ಮೆಕ್ಕೆಜೋಳದ ದಲ್ಲಾಳಿಯೊಬ್ಬರ ಮಗಳು ತಾನು ಕೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪನ್ನು ತಂದಿದ್ದಳು. ಐಫೋನಿನಲ್ಲಿ ತೆಗೆದ ಫೋಟೋ ತೆರೆಯಲು ಹೋದರೆ, ವಿಂಡೋಸಿಗೆ ಆ್ಯಪ್‌ಗಳನ್ನು ಇಳಿಸಿಕೊಳ್ಳುವ ಮೈಕ್ರೋಸಾಫ್ಟ್ ಸ್ಟೋರಿನಿಂದ ಒಂದು ಎಕ್ಸ್‌ಟೆನ್ಷನ್ (ಹೆಚ್ಚುವರಿ ಅಂಗ) ಹಾಕಿಕೊಳ್ಳಬೇಕೆಂಬ ಸೂಚನೆ ಬರುತ್ತಿತ್ತು. “ಅಣಾ, ಇದ್ರಾಗ ಸ್ಟೋರೇ ಇಲ್ಲ ನೋಡ್ರಿ” ಎಂದಳು. ಇಂಥ ದೂರು ಬಂದೊಡನೆ ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕುವುದು ನಮ್ಮಲ್ಲಿ ರೂಢಿಯಾಗಿದೆ; ಬಹುತೇಕ ಸಂದರ್ಭಗಳಲ್ಲಿ ಅದು ಅನಗತ್ಯ. ಸ್ಟೋರ್ ಕಣ್ಣಿಗೆ ಬೀಳದಿರುವುದು ಬೇರೆ, ಕಂಪ್ಯೂಟರಿನಲ್ಲಿ ಇಲ್ಲದಿರುವುದು ಬೇರೆ. ಮೊದಲು ಇದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆಯೇ.

ಮುಂದೆ ಬರುವ ಆಜ್ಞೆಗಳನ್ನು ಉಚ್ಚಾರಕ್ಕೆ ತಕ್ಕಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಕೀಬೋರ್ಡಿನ ವಿಂಡೋಸ್ ಗುಂಡಿಯ ಜೊತೆ ಆರ್ ಅಕ್ಷರವನ್ನು ಒತ್ತಿದರೆ ರನ್ ಎಂಬ ಚಿಕ್ಕ ಚೌಕ ತೆರೆಯುತ್ತದೆ. ಅದರಲ್ಲಿ ಎಂಎಸ್-ವಿಂಡೋಸ್-ಸ್ಟೋರ್ ಎಂದು ನಡುವೆ ಎರಡು ಅಡ್ಡಗೆರೆಗಳೊಡನೆ (ಹೈಫನ್), ಕೊನೆಯಲ್ಲಿ ಕೋಲನ್ ಚಿಹ್ನೆಯೊಡನೆ ಬರೆದು ಎಂಟರ್ ಒತ್ತಬೇಕು. ಸ್ಟೋರ್ ತೆರೆದುಕೊಂಡರೆ, ಟಾಸ್ಕ್‌ಬಾರಿನ ಐಕಾನ್ ಮಾತ್ರ ಹೋಗಿತ್ತು ಎಂದರ್ಥ. ಅದನ್ನು ಮತ್ತೆ ಪಿನ್ ಮಾಡಿಕೊಂಡರಾಯಿತು. ಸ್ಟೋರನ್ನು ನಿರ್ಬಂಧಿಸಲಾಗಿದೆ ಎಂಬ ಸಂದೇಶ ಬಂದು, ಯಂತ್ರವು ಕಚೇರಿಯದೋ ಕಾಲೇಜಿನದೋ ಆಗಿದ್ದರೆ, ಅಲ್ಲಿನ ನಿರ್ವಾಹಕರನ್ನು ಕೇಳುವುದೇ ಸರಿ.

ತೆರೆಯದಿದ್ದರೆ ಅದೇ ಚೌಕದಲ್ಲಿ ವಿನ್‌ವರ್ ಎಂದು ಬರೆದು ವಿಂಡೋಸಿನ ಆವೃತ್ತಿಯನ್ನು ನೋಡಬೇಕು. ಎಂಟರ್‌ಪ್ರೈಸ್ ಎಲ್‌ಟಿಎಸ್‌ಸಿ ಎಂದು ಕಂಡರೆ ಯಾವುದೂ ಕಾಣೆಯಾಗಿಲ್ಲ, ಏಕೆಂದರೆ ವರ್ಷಗಟ್ಟಲೆ ಬದಲಾಗದೆ ನಡೆಯಬೇಕಾದ ಯಂತ್ರಗಳಿಗೆಂದು ರೂಪಿಸಿದ ಆ ಆವೃತ್ತಿ ಸ್ಟೋರ್ ಇಲ್ಲದೆಯೇ ಬರುತ್ತದೆ. ಮನೆಬಳಕೆಯ ಲ್ಯಾಪ್‌ಟಾಪಿನಲ್ಲಿ ಅದು ಹೇಗೆ ಬಂತೆಂದು ಮಾರಿದವರನ್ನೇ ವಿಚಾರಿಸಬೇಕು. ಹೋಮ್ ಅಥವಾ ಪ್ರೊ ಆವೃತ್ತಿಯನ್ನು ಲೈಸೆನ್ಸ್ ಸಮೇತ ಹಾಕಿಸಿಕೊಳ್ಳುವುದೇ ಅದಕ್ಕೆ ಸರಿಯಾದ ಪರಿಹಾರ.

ಆವೃತ್ತಿ ಹೋಮ್ ಅಥವಾ ಪ್ರೊ ಆಗಿದ್ದರೆ, ಸ್ಟಾರ್ಟ್ ಗುಂಡಿಯ ಮೇಲೆ ಬಲಕ್ಲಿಕ್ ಮಾಡಿ ಟರ್ಮಿನಲ್ ಅಡ್ಮಿನ್ ಅಥವಾ ಪವರ್‌ಶೆಲ್ ಅಡ್ಮಿನ್ ಎಂಬ, ಆಜ್ಞೆಗಳನ್ನು ಬರೆಯುವ ಕಿಟಕಿಯನ್ನು ತೆರೆಯಬೇಕು. ಗೆಟ್-ಆ್ಯಪ್‌ಎಕ್ಸ್‌ಪ್ಯಾಕೇಜ್ ಎಂದು ಬರೆದು, ಜಾಗ ಬಿಟ್ಟು -ಆಲ್‌ಯೂಸರ್ಸ್ ಎಂದು ಸೇರಿಸಿ, ಮತ್ತೆ ಜಾಗ ಬಿಟ್ಟು ವಿಂಡೋಸ್‌ಸ್ಟೋರ್ ಎಂಬ ಪದದ ಹಿಂದೆಯೂ ಮುಂದೆಯೂ ಒಂದೊಂದು ನಕ್ಷತ್ರ ಚಿಹ್ನೆ ಇಟ್ಟು ಎಂಟರ್ ಒತ್ತಬೇಕು. ಪ್ಯಾಕೇಜಿನ ಹೆಸರು, ವರ್ಷನ್, ಇನ್‌ಸ್ಟಾಲ್‌ಲೊಕೇಶನ್ ಎಂಬ ಸಾಲುಗಳು ಮೂಡಿದರೆ ಸ್ಟೋರಿನ ಕಡತಗಳು ಡಿಸ್ಕಿನಲ್ಲಿವೆ. ಏನೂ ಮೂಡದೆ ಕರ್ಸರ್ ಮುಂದಿನ ಸಾಲಿಗೆ ಸುಮ್ಮನೆ ಇಳಿದರೆ ಪ್ಯಾಕೇಜೇ ಹೋಗಿದೆ. ಆ ಹುಡುಗಿಯ ಲ್ಯಾಪ್‌ಟಾಪಿನಲ್ಲಿ ಕರ್ಸರ್ ಹಾಗೆಯೇ ಇಳಿಯಿತು. ವಿಚಾರಿಸಿದಾಗ, ವೇಗ ಹೆಚ್ಚಲೆಂದು ಬೇಡದ ಆ್ಯಪ್‌ಗಳನ್ನು ತೆಗೆಯುವ ಸ್ಕ್ರಿಪ್ಟೊಂದನ್ನು (ಆಜ್ಞೆಗಳ ಸರಣಿಯನ್ನು) ಮಾರಿದವರು ಓಡಿಸಿದ್ದರೆಂದು ತಿಳಿಯಿತು.

ಕಡತಗಳಿದ್ದೂ ಸ್ಟೋರ್ ಕೆಲಸ ಮಾಡದಿದ್ದರೆ ರನ್ ಚೌಕದಲ್ಲಿ ಡಬ್ಲ್ಯೂಎಸ್‌ರೀಸೆಟ್ ಎಂದು ಒಂದೇ ಪದವಾಗಿ ಬರೆಯಬೇಕು. ಅದು ಸ್ಟೋರಿನ ಕ್ಯಾಶನ್ನು, ಅಂದರೆ ತಾತ್ಕಾಲಿಕವಾಗಿ ಕೂಡಿಟ್ಟ ಮಾಹಿತಿಯನ್ನು ತೊಳೆಯುತ್ತದೆ. ದಿನಾಂಕ ಮತ್ತು ಸಮಯ ತಪ್ಪಿದ್ದರೂ ಸ್ಟೋರ್ ಸಂಪರ್ಕ ಕೈಕೊಡುವುದರಿಂದ ಅದನ್ನೂ ಸರಿಪಡಿಸಿಕೊಳ್ಳಬೇಕು. ಇಷ್ಟಕ್ಕೂ ಬಗ್ಗದಿದ್ದರೆ ಸ್ಟೋರನ್ನು ವಿಂಡೋಸಿನಲ್ಲಿ ಮರುನೋಂದಣಿ ಮಾಡಬೇಕಾಗುತ್ತದೆ: ಟರ್ಮಿನಲ್ಲಿನಲ್ಲಿ ಆ್ಯಡ್-ಆ್ಯಪ್‌ಎಕ್ಸ್‌ಪ್ಯಾಕೇಜ್ -ಡಿಸೇಬಲ್‌ಡೆವಲಪ್‌ಮೆಂಟ್‌ಮೋಡ್ -ರಿಜಿಸ್ಟರ್ ಎಂದು ಬರೆದು, ಇನ್‌ಸ್ಟಾಲ್‌ಲೊಕೇಶನ್ ಸಾಲಿನಲ್ಲಿ ಕಂಡ ವಿಳಾಸವನ್ನು ನಕಲಿಸಿ, ಅದರ ಕೊನೆಗೆ ಹಿಂದೋರೆ ಗೆರೆ (ಬ್ಯಾಕ್‌ಸ್ಲ್ಯಾಶ್) ಹಾಕಿ ಆ್ಯಪ್‌ಎಕ್ಸ್‌ಮ್ಯಾನಿಫೆಸ್ಟ್ ಡಾಟ್ ಎಕ್ಸ್‌ಎಂಎಲ್ ಎಂದು ಜೋಡಿಸಿ, ವಿಳಾಸವನ್ನೆಲ್ಲ ಉದ್ಧರಣ ಚಿಹ್ನೆಗಳೊಳಗೆ ಇಡಬೇಕು. ವಿಳಾಸದಲ್ಲಿ ಪ್ರೋಗ್ರಾಮ್ ಫೈಲ್ಸ್ ಎಂಬಲ್ಲಿ ಖಾಲಿ ಜಾಗ ಇರುವುದರಿಂದ ಆ ಚಿಹ್ನೆಗಳನ್ನು ಮರೆತರೆ ಆಜ್ಞೆ ಮುರಿದುಬೀಳುತ್ತದೆ. ನಾನೂ ಮೊದಮೊದಲು ಅಲ್ಲಿಯೇ ಎಡವುತ್ತಿದ್ದೆ.

ಪ್ಯಾಕೇಜೇ ಇಲ್ಲದಿದ್ದರೆ ದಾರಿ ಇನ್ನೂ ಸುಲಭ. ರನ್ ಚೌಕದಲ್ಲಿ ಡಬ್ಲ್ಯೂಎಸ್‌ರೀಸೆಟ್ ಎಂದು ಬರೆದು, ಒಂದು ಜಾಗ ಬಿಟ್ಟು, ಅಡ್ಡಗೆರೆ ಹಾಕಿ, ಅದಕ್ಕೆ ಅಂಟಿಸಿ ಐ ಅಕ್ಷರವನ್ನು ಬರೆದು ಎಂಟರ್ ಒತ್ತಬೇಕು. ಇದು ಸ್ಟೋರನ್ನು ಮೈಕ್ರೋಸಾಫ್ಟಿನ ಸರ್ವರಿನಿಂದಲೇ ಇಳಿಸಿಕೊಳ್ಳುತ್ತದೆ. ಈ ಹೊತ್ತಿನಲ್ಲಿ ಪರದೆಯ ಮೇಲೆ ಪ್ರಗತಿಯ ಪಟ್ಟಿಯಾಗಲಿ ಸಂದೇಶವಾಗಲಿ ಕಾಣಿಸದ ಕಾರಣ ಆಜ್ಞೆ ವಿಫಲವಾಯಿತೆಂದು ಹಲವರು ಕೈಬಿಡುತ್ತಾರೆ. ಕೆಲವು ನಿಮಿಷ ಕಾದರೆ ಮೂಲೆಯಲ್ಲಿ ಸ್ಟೋರ್ ಬಂದಿತೆಂಬ ಸೂಚನೆ ಮೂಡುತ್ತದೆ. ವಿಂಡೋಸ್ ಅಪ್‌ಡೇಟ್ ಸೇವೆಯನ್ನು ಯಾರಾದರೂ ನಿಲ್ಲಿಸಿಟ್ಟಿದ್ದರೆ ಮಾತ್ರ ಎಷ್ಟು ಕಾದರೂ ಬರುವುದಿಲ್ಲ, ಆದ್ದರಿಂದ ಸರ್ವಿಸಸ್ ಪಟ್ಟಿಯಲ್ಲಿ ಅದನ್ನು ಮೊದಲೇ ಚಾಲೂ ಮಾಡಿಕೊಳ್ಳಬೇಕು. ವೇಗದ ಹೆಸರಿನ ಆ ಸ್ಕ್ರಿಪ್ಟ್‌ಗಳು ಈ ಸೇವೆಗೂ ಕೈ ಹಾಕಿರುವುದುಂಟು. ಯಾವುದೋ ಜಾಲತಾಣದಿಂದ ಸ್ಟೋರಿನ ಇನ್‌ಸ್ಟಾಲರ್ ಎಂಬ ಕಡತವನ್ನು ಇಳಿಸಿಕೊಳ್ಳುವುದನ್ನು ನಾನಂತೂ ಯಾರಿಗೂ ಹೇಳುವುದಿಲ್ಲ.

ಇದೂ ಸಾಗದಿದ್ದರೆ ವಿಂಡೋಸಿನ ಕಡತಗಳೇ ಹಾಳಾಗಿರಬಹುದು. ಆಗ ಅಡ್ಮಿನ್ ಟರ್ಮಿನಲ್ಲಿನಲ್ಲಿ ಡಿಐಎಸ್‌ಎಂ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್ ಎಂಬುದನ್ನು ಓಡಿಸಿ, ಅದು ಮುಗಿದ ಮೇಲೆ ಎಸ್‌ಎಫ್‌ಸಿ /ಸ್ಕ್ಯಾನ್‌ನೌ ಎಂಬುದನ್ನು ಓಡಿಸಬೇಕು. ಕೊನೆಯ ಉಪಾಯವೆಂದರೆ ಮೈಕ್ರೋಸಾಫ್ಟಿನ ತಾಣದಿಂದ ಐಎಸ್‌ಒ ಕಡತವನ್ನು (ವಿಂಡೋಸ್ ಹಾಕಲು ಬೇಕಾದದ್ದೆಲ್ಲ ಅಡಕವಾದ ಒಂದೇ ಕಡತ) ಇಳಿಸಿಕೊಂಡು, ನಡೆಯುತ್ತಿರುವ ವಿಂಡೋಸಿನೊಳಗಿಂದಲೇ ಸೆಟಪ್ ಓಡಿಸಿ, ಕಡತಗಳನ್ನೂ ಆ್ಯಪ್‌ಗಳನ್ನೂ ಉಳಿಸಿಕೊಳ್ಳುವ ಆಯ್ಕೆಯನ್ನು ಒತ್ತುವುದು. ಐಎಸ್‌ಒದ ಭಾಷೆ ಈಗಿನದಕ್ಕಿಂತ ಬೇರೆಯಾಗಿದ್ದರೆ ಆ ಆಯ್ಕೆ ಮಂಕಾಗಿ, ಒತ್ತಲು ಬಾರದಂತಿರುತ್ತದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಯಂತ್ರ ಹೊಂದುವಂತಿದ್ದರೆ ಇಷ್ಟು ದೂರ ಬಂದವರು ವಿಂಡೋಸ್ 11ಕ್ಕೇ ಹೋಗುವುದು ಲೇಸು.

ಹುಡುಗಿಯ ಲ್ಯಾಪ್‌ಟಾಪಿಗೆ ಅಷ್ಟೆಲ್ಲ ಬೇಕಾಗಲಿಲ್ಲ. ಎದುರಿನ ಅಂಗಡಿಯಿಂದ ತರಿಸಿದ ಮಂಡಕ್ಕಿ, ಮೆಣಸಿನಕಾಯಿ ಮುಗಿಯುವಷ್ಟರಲ್ಲಿ ಸೂಚನೆ ಮೂಡಿತು. ಮರಳಿ ಬಂದ ಸ್ಟೋರ್ ಹಳೆಯ ವರ್ಷನ್ನಿನದಾಗಿರಬಹುದಾದ್ದರಿಂದ ಮೊದಲು ಅದರ ಲೈಬ್ರರಿಗೆ ಹೋಗಿ ಅಪ್‌ಡೇಟ್‌ಗಳನ್ನು ತರಿಸಿಕೊಂಡೆವು. ಆಮೇಲೆ, ಐಫೋನಿನ ಫೋಟೋ ತೆರೆಯಲು ಬೇಕಾಗಿದ್ದ ಹೈಫ್ ಇಮೇಜ್ ಎಕ್ಸ್‌ಟೆನ್ಷನನ್ನು ಹಾಕಿದಾಗ ಫೋಟೋಗಳು ಒಂದೊಂದಾಗಿ ತೆರೆದವು.