ವಾರದ ಸಂಜೆಗೆ ಫ್ರೆಂಚ್ ಬಟಾಣಿ: ನನ್ನ ಅನುಭವ

ಎಳೆಯ ಬಟಾಣಿಯನ್ನು ಲೆಟ್ಯೂಸ್ ಎಲೆ, ಪುಟ್ಟ ಈರುಳ್ಳಿ ಹಾಗೂ ಬೆಣ್ಣೆಯೊಂದಿಗೆ ಮುಚ್ಚಿದ ಪಾತ್ರೆಯಲ್ಲಿ ಬೇಯಿಸುವ ‘ಪೆತಿ ಪ್ವಾ ಆ ಲಾ ಫ್ರಾಂಸೇಜ್’ ಎಂಬ ಪದಾರ್ಥವನ್ನು ನಾನು ಕಲಿತದ್ದು ಪ್ಯಾರಿಸ್ಸಿನ ಹೊರವಲಯದಲ್ಲಿ ಕೆಲಸಕ್ಕೆಂದು ನೆಲೆಸಿದ ಮೇಲೆ. ಸಂಜೆ ರೈಲಿನಿಂದಿಳಿದು ಮನೆ ಸೇರುವಾಗ ಏಳು ಗಂಟೆ ದಾಟಿರುತ್ತದೆ. ಆ ಹೊತ್ತಿನಲ್ಲಿ ಮಸಾಲೆ ರುಬ್ಬಿ ಸಾಗು ಮಾಡುವಷ್ಟು ತ್ರಾಣ ಇರುವುದಿಲ್ಲ, ಆದರೆ ಪೊಟ್ಟಣದ ಊಟವನ್ನು ಬಿಸಿ ಮಾಡಿ ತಿನ್ನಲೂ ಮನಸ್ಸು ಒಪ್ಪುವುದಿಲ್ಲ. ಹೀಗಾಗಿ ಅರ್ಧ ಗಂಟೆಯೊಳಗೆ, ಒಂದೇ ಪಾತ್ರೆಯಲ್ಲಿ ಮುಗಿಯುವ ಈ ಬಟಾಣಿ ನಮ್ಮ ಮನೆಯ ವಾರದ ಊಟದಲ್ಲಿ ಖಾಯಂ ಆಗಿಬಿಟ್ಟಿತು.

ಫ್ರಾನ್ಸಿನವರಿಗೆ ಹಸಿ ಬಟಾಣಿಯ ಮೇಲಿರುವ ಪ್ರೀತಿ ಹಳೆಯದು. ಹದಿನಾಲ್ಕನೆಯ ಲೂಯಿಯ ಆಸ್ಥಾನದಲ್ಲಿ ಅದು ಗೀಳಿನ ಮಟ್ಟಕ್ಕೇ ಹೋಗಿತ್ತು. ರಾಜನ ಜೊತೆ ಹೊಟ್ಟೆತುಂಬ ಉಂಡ ಹೆಂಗಸರು ಮನೆಗೆ ಹೋಗಿ ಮಲಗುವ ಮುನ್ನ ಮತ್ತೆ ಬಟಾಣಿ ತಿನ್ನುತ್ತಾರೆಂದು ರಾಜನ ಎರಡನೆಯ ಹೆಂಡತಿ ಮದಾಮ್ ದ ಮ್ಯಾಂತೆನೋಂ 1696ರ ಪತ್ರವೊಂದರಲ್ಲಿ ಬರೆದಿದ್ದಾಳೆ. ಪ್ಯಾರಿಸ್ಸಿನ ನೈಋತ್ಯಕ್ಕಿರುವ ಕ್ಲಾಮಾರ್ ಊರು ಒಂದು ಕಾಲದಲ್ಲಿ ಬಟಾಣಿ ಬೆಳೆಗೆ ಎಷ್ಟು ಹೆಸರಾಗಿತ್ತೆಂದರೆ, ಇಂದಿಗೂ ಫ್ರೆಂಚ್ ಅಡುಗೆಯ ಪರಿಭಾಷೆಯಲ್ಲಿ ‘ಆ ಲಾ ಕ್ಲಾಮಾರ್’ ಎಂದರೆ ಬಟಾಣಿ ಜೊತೆಗಿದೆ ಎಂದೇ ಅರ್ಥ. ಈಗ ಅಲ್ಲಿ ಹೊಲಗಳ ಜಾಗದಲ್ಲಿ ಮನೆಗಳಿವೆ.

ಮೇ, ಜೂನ್ ತಿಂಗಳಲ್ಲಿ ಸಂತೆಗೆ ಹಸಿ ಕಾಯಿ ಬಂದಾಗ ಅದನ್ನೇ ತರುತ್ತೇನೆ, ಆದರೆ ರಜೆಯ ದಿನಕ್ಕೆ ಮಾತ್ರ. ವಾರದ ದಿನಗಳಿಗೆ ಹೆಪ್ಪುಗಟ್ಟಿಸಿದ ಬಟಾಣಿಯೇ ಸರಿ. ಬಿಡುವಿಲ್ಲ ಎಂಬ ಕಾರಣಕ್ಕಷ್ಟೇ ಹೀಗೆ ಹೇಳುತ್ತಿಲ್ಲ. ಬಟಾಣಿ ಬಳ್ಳಿಯಿಂದ ಬೇರೆಯಾದ ಕೂಡಲೇ ಅದರೊಳಗಿನ ಸಕ್ಕರೆ ಪಿಷ್ಟವಾಗಿ ಮಾರ್ಪಡಲು ಶುರುವಾಗುತ್ತದೆ. ಕೊಯ್ದು ಎರಡು ಮೂರು ದಿನ ಕಳೆದ ಕಾಯಿ ನೋಡಲು ಹಸಿರಾಗಿದ್ದರೂ ಬಾಯಿಗೆ ಹಿಟ್ಟುಹಿಟ್ಟಾಗಿರುತ್ತದೆ. ಹೆಪ್ಪುಗಟ್ಟಿಸುವ ಬಟಾಣಿಯನ್ನಾದರೋ ಕೊಯ್ದ ಕೆಲವೇ ಗಂಟೆಗಳಲ್ಲಿ ಬಿಸಿನೀರಿಗೋ ಹಬೆಗೋ ಒಡ್ಡಿ ಆ ಮಾರ್ಪಾಟನ್ನು ನಿಲ್ಲಿಸಿರುತ್ತಾರೆ. ಪೊಟ್ಟಣದ ಮೇಲೆ ‘ಎಕ್ಸ್ತ್ರಾ ಫ್ಯಾಂ’ ಎಂದು ಬರೆದಿರುವ, ಗಾತ್ರದಲ್ಲಿ ಎಲ್ಲಕ್ಕಿಂತ ಚಿಕ್ಕದಾದ ಬಟಾಣಿಯನ್ನು ನಾನು ಆರಿಸಿಕೊಳ್ಳುತ್ತೇನೆ. ಡಬ್ಬದ ಬಟಾಣಿ ಈ ಪದಾರ್ಥಕ್ಕೆ ಆಗುವುದಿಲ್ಲ. ಅದು ಆಗಲೇ ಮೆತ್ತಗಾಗಿರುತ್ತದೆ.

ನಾಲ್ಕು ಜನರಿಗೆ ಪಲ್ಯದಂತೆ ಬಡಿಸಲು, ಅಥವಾ ಇಬ್ಬರಿಗೆ ಅದನ್ನೇ ಮುಖ್ಯ ಊಟವಾಗಿ ಮಾಡಿಕೊಳ್ಳಲು, 450 ಗ್ರಾಂ ಬಟಾಣಿ, ಒಂದು ಮಧ್ಯಮ ಗಾತ್ರದ ಲೆಟ್ಯೂಸ್, ಹತ್ತು ಹನ್ನೆರಡು ಪುಟ್ಟ ಬಿಳಿ ಈರುಳ್ಳಿ, 45 ಗ್ರಾಂ ಬೆಣ್ಣೆ, ಅರ್ಧ ಚಮಚ ಸಕ್ಕರೆ, ಉಪ್ಪು, ಒಂದು ಕಡ್ಡಿ ಥೈಮ್ ಎಂಬ ಸುವಾಸನೆಯ ಸೊಪ್ಪು ಸಾಕು. ಪುಟ್ಟ ಈರುಳ್ಳಿ ಸುಲಿಯಲು ಸಮಯವಿಲ್ಲದಿದ್ದರೆ ಆರು ಈರುಳ್ಳಿ ಸೊಪ್ಪಿನ ಬಿಳಿ ಗಡ್ಡೆಗಳನ್ನು ಎರಡಾಗಿ ಸೀಳಿ ಬಳಸುತ್ತೇನೆ, ಅದರ ಹಸಿರು ಭಾಗವನ್ನು ಕೊನೆಗೆ ಉದುರಿಸುತ್ತೇನೆ. ಇಲ್ಲಿನ ಅನೇಕರು ಹಂದಿಮಾಂಸದ ಸಣ್ಣ ತುಂಡುಗಳನ್ನು ಮೊದಲು ಹುರಿದುಕೊಳ್ಳುತ್ತಾರೆ; ನಾವು ಸಸ್ಯಾಹಾರಿಗಳಾದ್ದರಿಂದ ಅದನ್ನು ಬಿಟ್ಟಿದ್ದೇವೆ, ಬಟಾಣಿಯ ಸಿಹಿ ಇನ್ನೂ ಚೆನ್ನಾಗಿ ತಿಳಿಯುತ್ತದೆಂದೇ ನನ್ನ ಅಭಿಪ್ರಾಯ.

ದಪ್ಪ ತಳದ, ಮುಚ್ಚಳ ಬಿಗಿಯಾಗಿ ಕೂರುವ ಪಾತ್ರೆಯಲ್ಲಿ 30 ಗ್ರಾಂ ಬೆಣ್ಣೆ ಕರಗಿಸಿ, ಈರುಳ್ಳಿ ಹಾಕಿ, ಬಣ್ಣ ಬಾರದಂತೆ ಸಣ್ಣ ಉರಿಯಲ್ಲಿ ಹೊರಳಿಸುತ್ತೇನೆ. ಬಳಿಕ ನಾಲ್ಕು ದೊಡ್ಡ ಚಮಚ ನೀರು, ಸಕ್ಕರೆ, ಥೈಮ್ ಸೇರಿಸಿ ಎಂಟು ನಿಮಿಷ ಮುಚ್ಚಿಡುತ್ತೇನೆ. ಈರುಳ್ಳಿಗೆ ಚಾಕುವಿನ ತುದಿ ಸಲೀಸಾಗಿ ಇಳಿಯುವಂತಾದ ಮೇಲೆ, ಬೆರಳಗಲಕ್ಕೆ ಹೆಚ್ಚಿದ ಲೆಟ್ಯೂಸ್ ಅಷ್ಟನ್ನೂ ಪಾತ್ರೆಗೆ ತುಂಬಿ, ಅದರ ಮೇಲೆ ಬಟಾಣಿಯನ್ನು ಹೆಪ್ಪು ಬಿಡಿಸದೆ ಹಾಗೆಯೇ ಸುರಿದು, ಉಪ್ಪು ಹಾಕಿ ಮತ್ತೆ ಮುಚ್ಚುತ್ತೇನೆ.

ಈ ಅಡುಗೆಯ ಗುಟ್ಟೆಲ್ಲ ಇರುವುದು ಇಲ್ಲಿಯೇ. ಪಾತ್ರೆಯೊಳಗೆ ನೋಡಿದರೆ ನೀರು ಸಾಲದೆನಿಸುತ್ತದೆ, ಒಂದು ಲೋಟ ನೀರು ಹೊಯ್ಯೋಣವೆಂದು ಕೈ ತವಕಿಸುತ್ತದೆ. ಹೊಯ್ಯಬಾರದು. ಬಿಸಿ ತಾಗಿದ ಎರಡು ನಿಮಿಷಕ್ಕೆ ಎಲೆಗಳು ಕುಸಿದು ತಮ್ಮ ನೀರನ್ನು ಬಿಡುತ್ತವೆ, ಬಟಾಣಿಗೆ ಅಂಟಿದ ಮಂಜೂ ಕರಗುತ್ತದೆ. ಆ ರಸ, ಬೆಣ್ಣೆ, ಈರುಳ್ಳಿಯ ಸಿಹಿ ಮೂರೂ ಕೂಡಿದ ಹಬೆಯಲ್ಲಿ ಬಟಾಣಿ ಬೇಯಬೇಕು. ಹರಿವೆ ಸೊಪ್ಪನ್ನು ಅದರ ನೀರಿನಲ್ಲೇ ಬೇಯಿಸುವ ನಮ್ಮವರಿಗೆ ಇದು ಅಪರಿಚಿತ ವಿದ್ಯೆಯೇನಲ್ಲ. ಹಿಂದೆ ಇಲ್ಲಿ ಮುಚ್ಚಳದ ಬದಲು ತಣ್ಣೀರು ತುಂಬಿದ ಗುಂಡಿ ತಟ್ಟೆಯನ್ನು ಪಾತ್ರೆಯ ಮೇಲೆ ಇಡುತ್ತಿದ್ದರು, ಏಕೆಂದರೆ ತಟ್ಟೆಯ ತಣ್ಣನೆಯ ತಳಕ್ಕೆ ತಾಗಿದ ಹಬೆ ಹನಿಯಾಗಿ ಮತ್ತೆ ಬಟಾಣಿಯ ಮೇಲೇ ಬೀಳುತ್ತಿತ್ತು. ಮುಚ್ಚಳ ಸಡಿಲವಿರುವ ಪಾತ್ರೆಯಾದರೆ ಈ ಉಪಾಯ ಇಂದಿಗೂ ಉಪಯೋಗಕ್ಕೆ ಬರುತ್ತದೆ.

ಮಧ್ಯಮ ಉರಿಯಲ್ಲಿ ಏಳೆಂಟು ನಿಮಿಷವಾದ ಮೇಲೆ ಒಂದು ಕಾಳನ್ನು ಬಾಯಿಗೆ ಹಾಕಿ ನೋಡುತ್ತೇನೆ. ಸಿಪ್ಪೆ ಬಿಗಿ ಕಳೆದುಕೊಂಡಿರಬೇಕು, ಆದರೆ ಸುಕ್ಕುಗಟ್ಟಿರಬಾರದು. ತಾಜಾ ಬಟಾಣಿಯಾದರೆ ಇಪ್ಪತ್ತು ನಿಮಿಷವೂ ಹಿಡಿಯಬಹುದು, ಹಾಗೂ ಅದರ ಹಸಿರು ತುಸು ಮಂಕಾಗುತ್ತದೆ. ಹೆಚ್ಚು ಹೊತ್ತಿನ ಶಾಖಕ್ಕೆ ಹಸಿರು ಬಣ್ಣ ಕೊಡುವ ಹರಿತ್ತು ಮಾರ್ಪಡುವುದೇ ಅದಕ್ಕೆ ಕಾರಣವಾದ್ದರಿಂದ ಚಿಂತಿಸಬೇಕಿಲ್ಲ, ರುಚಿ ಕೆಟ್ಟಿರುವುದಿಲ್ಲ. ನಿಂಬೆರಸ ಹಿಂಡುವ ಅಭ್ಯಾಸವಿರುವವರು ಅದನ್ನು ತಟ್ಟೆಗೆ ಬಡಿಸಿಕೊಂಡ ನಂತರವೇ ಹಿಂಡಬೇಕು, ಹುಳಿಯೂ ಹಸಿರನ್ನು ಕೆಡಿಸುತ್ತದೆ.

ಕೊನೆಗೆ ಮುಚ್ಚಳ ತೆಗೆದು, ಉರಿ ಏರಿಸಿ, ತಳದಲ್ಲಿ ಮೂರು ನಾಲ್ಕು ಚಮಚದಷ್ಟು ರಸ ಉಳಿಯುವವರೆಗೆ ಇಂಗಿಸಿ ಒಲೆ ಆರಿಸುತ್ತೇನೆ. ಥೈಮ್ ಕಡ್ಡಿಯನ್ನು ತೆಗೆದು, ಉಳಿದ 15 ಗ್ರಾಂ ಬೆಣ್ಣೆಯನ್ನು ಫ್ರಿಜ್ಜಿನಿಂದ ನೇರವಾಗಿ ತಂದು ಹಾಕಿ, ಸೌಟಿನಿಂದ ಕಲಕದೆ ಪಾತ್ರೆಯನ್ನೇ ಹಿಡಿದು ತಿರುಗಿಸಿದರೆ, ತಣ್ಣನೆಯ ಬೆಣ್ಣೆ ಮೆಲ್ಲಗೆ ಕರಗುತ್ತ ರಸದೊಂದಿಗೆ ಬೆರೆತು, ಪ್ರತಿ ಕಾಳಿಗೂ ಹೊಳಪಿನ ತೆಳು ಲೇಪ ಕಟ್ಟುತ್ತದೆ. ಬೆಣ್ಣೆಗೆ ಮೈದಾ ನಾದಿ ಹಾಕಿ ರಸವನ್ನು ಗಟ್ಟಿ ಮಾಡುವ ಕ್ರಮವೂ ಇಲ್ಲಿದೆ. ನನಗೆ ಅದು ಹಿಡಿಸಲಿಲ್ಲ, ಬಟಾಣಿಯ ಹಗುರ ಗುಣವನ್ನು ಅದು ಮುಚ್ಚಿಬಿಡುತ್ತದೆ.

ಜೀರಿಗೆ ಒಗ್ಗರಣೆ ಕೊಡಬಹುದಲ್ಲವೇ ಎಂದು ಊರಿನಿಂದ ಬಂದವರು ಕೇಳುತ್ತಾರೆ. ಕೊಟ್ಟರೆ ಅದು ಒಳ್ಳೆಯ ಪಲ್ಯವೇ ಆಗುತ್ತದೆ, ಆದರೆ ಲೆಟ್ಯೂಸಿನ ಸಣ್ಣ ಕಹಿ ಬಟಾಣಿಯ ಸಿಹಿಗೆ ಅಂಚು ಕಟ್ಟುವ ಬಗೆ ಆಗ ನಾಲಿಗೆಗೆ ಸಿಗುವುದಿಲ್ಲ. ಮೊದಲೊಮ್ಮೆಯಾದರೂ ಹೀಗೆಯೇ ಉಂಡು ನೋಡಬೇಕೆಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಬೆಂಗಳೂರು, ಮೈಸೂರಿನಲ್ಲಿ ಚಳಿಗಾಲದ ಹಸಿ ಬಟಾಣಿ ಬರುವಾಗ, ಅಂಗಡಿಯ ಲೆಟ್ಯೂಸ್ ಮತ್ತು ಸಾಂಬಾರ್ ಈರುಳ್ಳಿಯಿಂದಲೂ ಇದು ಚೆನ್ನಾಗಿ ಆಗುತ್ತದೆ; ಸಾಂಬಾರ್ ಈರುಳ್ಳಿಯ ಘಾಟು ಹೆಚ್ಚಾದ್ದರಿಂದ ಎಣಿಕೆಯನ್ನು ಎಂಟಕ್ಕೆ ಇಳಿಸಿದರೆ ಒಳ್ಳೆಯದು.

ಬೇಯಿಸಿದ ಚಿಕ್ಕ ಆಲೂಗಡ್ಡೆ, ರಸ ಅದ್ದಿಕೊಳ್ಳಲು ಒಂದಿಷ್ಟು ಬ್ರೆಡ್ ಇದ್ದರೆ ನಮ್ಮ ಊಟ ಪೂರ್ತಿ. ಮಿಕ್ಕಿದ್ದನ್ನು ಮರುದಿನ ಬಿಸಿ ಮಾಡಿದರೆ ಬಟಾಣಿ ಸೊರಗುತ್ತದೆ, ಆದ್ದರಿಂದ ಅದನ್ನು ತರಕಾರಿ ಬೇಯಿಸಿದ ನೀರಿನೊಂದಿಗೆ ಮಿಕ್ಸಿಯಲ್ಲಿ ನುಣ್ಣಗೆ ತಿರುವಿ, ಮೆಣಸಿನ ಪುಡಿ ಉದುರಿಸಿ ಸೂಪ್ ಮಾಡಿಕೊಳ್ಳುತ್ತೇವೆ.